ಗುಜರಿ ಸಂತೆಯಲ್ಲಿ ಹಳೆಯ ವಸ್ತು ಹುಡುಕುವವರಿಗೆ: ಸಂಡೇ ಬಜಾರಿಗೆ ಹೊರಡುವ ಮುನ್ನ ತಿಳಿದಿರಬೇಕಾದದ್ದು

ಹಳೆಯ ಕೈಗಡಿಯಾರ, ಹಿತ್ತಾಳೆ ಪಾತ್ರೆ, ಗ್ರಾಮೊಫೋನ್ ಪ್ಲೇಟು, ಬೆಳ್ಳಿ ರೂಪಾಯಿ ಇಂಥವನ್ನು ಗುಜರಿ ಸಂತೆಯಲ್ಲಿ ಹುಡುಕಬೇಕೆಂದಿರುವ ಓದುಗರು ಮತ್ತೆ ಮತ್ತೆ ಕೇಳುವುದು ಮೂರೇ ಪ್ರಶ್ನೆ: ಎಲ್ಲಿಗೆ ಹೋಗಬೇಕು, ಅಸಲಿ ಯಾವುದೆಂದು ತಿಳಿಯುವುದು ಹೇಗೆ, ಎಷ್ಟು ಕೊಡಬೇಕು. ಮೊದಲನೆಯದಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಎಲ್ಲ ಕಾಲಕ್ಕೂ ಒಪ್ಪುವ ಉತ್ತರವಿಲ್ಲ. ಹೀಗಾಗಿ ಈ ಬರಹದ ಹೆಚ್ಚಿನ ಭಾಗವನ್ನು ಎರಡನೆಯ ಪ್ರಶ್ನೆಗೇ ಕೊಟ್ಟಿದ್ದೇನೆ. ಸಂತೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕಥೆ ಕಟ್ಟಿರುತ್ತಾರೆ. ಕಥೆಯನ್ನು ಕೇಳಿ ಕೊಂಡವರು ಮೋಸಹೋಗುತ್ತಾರೆ, ವಸ್ತುವಿನ ಮೈಮೇಲಿನ ಗುರುತುಗಳನ್ನು ಓದಿ ಕೊಂಡವರು ಅಪರೂಪಕ್ಕೆ ಮಾತ್ರ ಮೋಸಹೋಗುತ್ತಾರೆ. ಈ ಓದನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಎರಡು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ವ್ಯಾಪಾರಿಗಳು ‘ಆಂಟಿಕ್’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ಆದರೆ ರೂಢಿಯಲ್ಲಿ ನೂರು ವರ್ಷ ದಾಟಿದ ವಸ್ತು ಮಾತ್ರ ಆಂಟಿಕ್. ಅದಕ್ಕಿಂತ ಈಚಿನದಾದರೂ ತನ್ನ ಕಾಲದ ಗುರುತನ್ನು ಹೊತ್ತು ನಿಂತಿರುವ ವಸ್ತುವಿಗೆ ‘ವಿಂಟೇಜ್’ ಎನ್ನುತ್ತಾರೆ. ನಮ್ಮ ಸಂತೆಗಳಲ್ಲಿ ನಿಮಗೆ ಸಿಗುವುದು ಬಹುಪಾಲು ಎರಡನೆಯದೇ, ಮತ್ತು ಮುಂದೆ ಹೇಳುವ ಕಾನೂನಿನ ಕಾರಣಗಳಿಂದ ನೀವು ಹುಡುಕಬೇಕಾದದ್ದೂ ಅದನ್ನೇ.

ಹಂತ 1: ಏನು ಬೇಕೆಂದು ನಿರ್ಧರಿಸಿ, ಅಸಲಿಯನ್ನು ಮೊದಲು ನೋಡಿ

‘ಏನಾದರೂ ಒಳ್ಳೆಯದು ಸಿಕ್ಕರೆ ತರೋಣ’ ಎಂದು ಹೊರಟವರು ಸಾಮಾನ್ಯವಾಗಿ ಮನೆಗೆ ತರುವುದು ಬೇಡದ ವಸ್ತುಗಳನ್ನು. ಆರಂಭದಲ್ಲಿ ಒಂದೇ ಬಗೆಯ ವಸ್ತುವನ್ನು ಆರಿಸಿಕೊಂಡು ಅದರ ಬಗ್ಗೆ ಸಾಧ್ಯವಾದಷ್ಟು ತಿಳಿದುಕೊಳ್ಳಿ. ಆರಿಸುವಾಗ ನಿಮ್ಮ ಊರು ಏನನ್ನು ತಯಾರಿಸುತ್ತಿತ್ತು, ಇಲ್ಲಿನ ಮನೆಗಳು ಏನನ್ನು ಬಳಸುತ್ತಿದ್ದವು ಎಂದು ಯೋಚಿಸುವುದು ಒಳ್ಳೆಯದು. ಬೆಂಗಳೂರು ಸಾರ್ವಜನಿಕ ವಲಯದ ಕಾರ್ಖಾನೆಗಳ ನಗರವಾಗಿತ್ತು. 1948ರಲ್ಲಿ ಆರಂಭವಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಇಲ್ಲಿ ಬೆರಳಿನಿಂದ ತಿರುಗಿಸುವ ಡಯಲಿನ ಟೆಲಿಫೋನುಗಳನ್ನು ಮಾಡಿತು. 1953ರಲ್ಲಿ ಆರಂಭವಾದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಕೈಗಡಿಯಾರಗಳನ್ನು ಮಾಡಿತು. ಆ ಕಾರ್ಖಾನೆಗಳಲ್ಲಿ ದುಡಿದವರ ಮತ್ತು ಅವರ ನೆರೆಹೊರೆಯವರ ಮನೆಗಳ ವಸ್ತುಗಳೇ ಇಂದು ಇಲ್ಲಿನ ಗುಜರಿಗೆ ಬರುತ್ತಿವೆ. ವಿಕ್ಟೋರಿಯಾ ಕಾಲದ ದೂರದರ್ಶಕವನ್ನು ಹುಡುಕುವವರಿಗೆ ಬಹುತೇಕ ನಕಲಿಯೇ ಸಿಗುತ್ತದೆ; ಎಚ್‌ಎಂಟಿ ಜನತಾ ವಾಚನ್ನು ಹುಡುಕುವವರಿಗೆ ಅಸಲಿ ಸಿಗುವ ಸಾಧ್ಯತೆ ನಿಜವಾಗಿಯೂ ಇದೆ.

ಆರಿಸಿದ ಮೇಲೆ ಅಸಲಿಯನ್ನು ಕಣ್ಣಾರೆ ನೋಡಿ ಬನ್ನಿ. ವಾಚುಗಳಿಗೆ ಬೆಂಗಳೂರಿನ ಎಚ್‌ಎಂಟಿ ಪಾರಂಪರಿಕ ಕೇಂದ್ರ, ಗ್ರಾಮೊಫೋನು ಮತ್ತು ಸಂಗೀತದ ಸಾಮಗ್ರಿಗೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್, ಹಳ್ಳಿಮನೆಯ ಪಾತ್ರೆ ಪರಿಕರಗಳಿಗೆ ರಾಮನಗರದ ಬಳಿಯ ಜಾನಪದ ಲೋಕ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಕರಾವಳಿಯವರಿಗೆ ಧರ್ಮಸ್ಥಳದ ಮಂಜೂಷಾ ಇವೆ. ಗಾಜಿನ ಹಿಂದಿರುವ ಅಸಲಿ ವಸ್ತುವಿನ ಅಕ್ಷರ, ಬಣ್ಣ, ಸವೆತ ಮತ್ತು ಅಂಚುಗಳನ್ನು ನಿಧಾನವಾಗಿ ನೋಡಿಕೊಂಡರೆ, ಸಂತೆಯಲ್ಲಿ ನಕಲಿಯನ್ನು ಕಂಡಾಗ ಏನೋ ಸರಿಯಿಲ್ಲವೆಂದು ಕಣ್ಣಿಗೇ ಹೊಳೆಯುತ್ತದೆ.

ಹಂತ 2: ಎಲ್ಲಿಗೆ, ಎಷ್ಟು ಹೊತ್ತಿಗೆ

ಬೆಂಗಳೂರಿನವರಿಗೆ ಮೊದಲ ತಾಣ ಸಂಡೇ ಬಜಾರ್. ಭಾನುವಾರ ಬೆಳಗಿನ ಜಾವದಿಂದ ಚಿಕ್ಕಪೇಟೆ ಮತ್ತು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಿನ ಬೀದಿಗಳಲ್ಲಿ ನೆಲದ ಮೇಲೆ ಹಾಳೆ ಹಾಸಿ ಮಾಲು ಹರಡುತ್ತಾರೆ. ಒಳ್ಳೆಯ ವಸ್ತುಗಳು ಕತ್ತಲು ಹರಿಯುವ ಹೊತ್ತಿಗೇ ಕೈ ಬದಲಾಯಿಸುತ್ತವೆ. ಕೊಳ್ಳುವವರು ಹೆಚ್ಚಾಗಿ ಬೇರೆ ವ್ಯಾಪಾರಿಗಳೇ ಆಗಿರುತ್ತಾರೆ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುವುದರಿಂದ, ಬೇಗ ತಲುಪಬೇಕೆನ್ನುವವರು ಬಸ್ಸನ್ನೋ ಆಟೊವನ್ನೋ ನೆಚ್ಚಬೇಕು. ಕಾರು ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಹಳೆಯ ಪುಸ್ತಕಗಳಿಗೆ ಅಲ್ಲಿಂದ ನಡೆದುಹೋಗುವಷ್ಟೇ ದೂರದಲ್ಲಿ ಅವೆನ್ಯೂ ರಸ್ತೆ ಇದೆ.

ಅನೇಕರಿಗೆ ಹೊಳೆಯದ ಇನ್ನೊಂದು ತಾಣ ಪಾತ್ರೆ ಅಂಗಡಿ. ಹಳೆಯ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ತೂಕಕ್ಕೆ ಕೊಟ್ಟು ಸ್ಟೀಲ್ ಪಾತ್ರೆ ಒಯ್ಯುವ ರೂಢಿ ನಮ್ಮ ಎಲ್ಲ ಊರುಗಳಲ್ಲೂ ಇದೆ. ಹಾಗೆ ಬಂದ ಹಳೆಯ ಪಾತ್ರೆಗಳು ಕರಗಿಸಲು ಹೋಗುವ ಮುನ್ನ ಕೆಲವು ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿದ್ದಿರುತ್ತವೆ. ತಾಲ್ಲೂಕು ಕೇಂದ್ರದ ಹಳೆಯ ಪಾತ್ರೆ ಅಂಗಡಿಯವರನ್ನು ಗೌರವದಿಂದ ಕೇಳಿದರೆ ತೋರಿಸುತ್ತಾರೆ, ತೂಕದ ದರಕ್ಕೆ ಸ್ವಲ್ಪವಷ್ಟೇ ಸೇರಿಸಿ ಕೊಡುತ್ತಾರೆ. ಅಲ್ಲಿಂದ ಒಂದು ಒಳ್ಳೆಯ ಹಂಡೆಯನ್ನು ತಂದರೆ ಅದು ಕುಲುಮೆಯಿಂದ ಉಳಿಯಿತೆಂದೇ ಅರ್ಥ. ಆದ್ದರಿಂದ ಈ ದಾರಿಯನ್ನು ನಾನು ಒತ್ತಿ ಹೇಳುತ್ತೇನೆ.

ಬೇರೆ ಊರುಗಳಲ್ಲಿರುವ ಕನ್ನಡಿಗರಿಗೆ ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ರವಿವಾರಿ ಮತ್ತು ಹೈದರಾಬಾದಿನ ಎರ್ರಗಡ್ಡ ಭಾನುವಾರದ ಸಂತೆ ಇವೆ. ಚೋರ್ ಬಜಾರಿನ ಕಾಯಂ ಅಂಗಡಿಗಳು ಸಾಮಾನ್ಯವಾಗಿ ಶುಕ್ರವಾರ ಮುಚ್ಚಿರುತ್ತವೆ. ಅಂದು ಮುಂಜಾನೆ ಬೀದಿ ವ್ಯಾಪಾರಿಗಳು ಅಲ್ಲಿ ಮಾಲು ಹರಡುತ್ತಾರೆ.

ಹಂತ 3: ಚೀಲದಲ್ಲಿ ಇರಬೇಕಾದವು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಬಲವಾದ ಒಂದು ಆಯಸ್ಕಾಂತ, ಸಣ್ಣ ಟಾರ್ಚು, ಅಳತೆ ಟೇಪು, ಗ್ರಾಮಿನ ಭಾಗಗಳನ್ನೂ ತೋರಿಸುವ ಜೇಬಿನ ತಕ್ಕಡಿ, ಒಂದೆರಡು ಪೆನ್ಸಿಲ್ ಸೆಲ್ಲು, ಹಳೆಯ ದಿನಪತ್ರಿಕೆ, ಗಟ್ಟಿಯಾದ ಬಟ್ಟೆಯ ಚೀಲ. ಇಷ್ಟು ಸಾಕು. ಚಿಲ್ಲರೆ ನೋಟುಗಳಿರಲಿ. ಹಣ ಮತ್ತು ಫೋನು ಮುಂದಿನ ಜೇಬಿನಲ್ಲಿರಲಿ, ಏಕೆಂದರೆ ಗುಂಪಿನಲ್ಲಿ ಜೇಬುಗಳ್ಳರ ಕಾಟವಿರುತ್ತದೆ. ತುಕ್ಕು ಹಿಡಿದ ರಾಶಿಯಲ್ಲಿ ಕೈಯಾಡಿಸುವುದರಿಂದ ದಪ್ಪ ಕೈಗವಸನ್ನೂ ಮುಚ್ಚಿದ ಚಪ್ಪಲಿಯನ್ನೂ ಹಾಕಿಕೊಳ್ಳಿ. ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡು ಬಹಳ ಕಾಲವಾಗಿದ್ದರೆ ವೈದ್ಯರನ್ನು ಕೇಳಿ.

ಹಂತ 4: ಕಾಲವನ್ನು ಹೇಳುವ ಗುರುತುಗಳು

ವಸ್ತು ಕೈಗೆ ಬಂದ ಕೂಡಲೇ ಬೆಲೆ ಕೇಳಬೇಡಿ. ತಿರುಗಿಸಿ ನೋಡಿ. ತಳ, ಹಿಂಬದಿ, ಮುಚ್ಚಳದ ಒಳಭಾಗ, ಡಬ್ಬಿಯ ಅಂಚು ಈ ಜಾಗಗಳಲ್ಲಿ ಅಕ್ಷರಗಳಿರುತ್ತವೆ, ಮತ್ತು ನಮ್ಮ ದೇಶದ ಚರಿತ್ರೆ ಆ ಅಕ್ಷರಗಳ ಮೂಲಕ ವಸ್ತುವಿನ ಕಾಲವನ್ನು ಸಾಕಷ್ಟು ನಿಖರವಾಗಿ ಹೇಳುತ್ತದೆ.

ಬೆಲೆ ಆಣೆಯಲ್ಲಿ ಅಚ್ಚಾಗಿದ್ದರೆ ಆ ಪುಸ್ತಕ ಅಥವಾ ಡಬ್ಬಿ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು, ಏಕೆಂದರೆ ಆ ವರ್ಷದ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬಂತು. ‘ನಯಾ ಪೈಸೆ’ ಎಂದಿದ್ದರೆ ಅದು 1957ರಿಂದ 1964ರ ನಡುವಿನದು. 1964ರ ಜೂನ್‌ನಲ್ಲಿ ‘ನಯಾ’ ಎಂಬುದನ್ನು ಕೈಬಿಟ್ಟರು. ಪಾವು, ಸೇರು, ತೊಲದ ಅಳತೆಗಳು ವ್ಯಾಪಾರದಿಂದ ಹೊರಬಿದ್ದು ಕಿಲೊ, ಲೀಟರು ಬಂದದ್ದು 1960ರ ದಶಕದ ಆರಂಭದಲ್ಲಿ. ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದ್ದರೆ ಆ ವಸ್ತು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ‘ಬೆಂಗಳೂರು-2’ ಎಂಬ ಬಗೆಯ ಚಿಕ್ಕ ಸಂಖ್ಯೆ ಇದ್ದರೆ ಅದಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ಹೆಚ್ಚು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ಇಂಗ್ಲಿಷಿನಲ್ಲಿ ಬಾಂಬೆ ಎಂದಿದ್ದರೆ ಹೆಚ್ಚಾಗಿ 1995ಕ್ಕೆ ಮುಂಚೆ, ಮದ್ರಾಸ್ ಎಂದಿದ್ದರೆ 1996ಕ್ಕೆ ಮುಂಚೆ.

ವಿದೇಶದ ವಸ್ತುಗಳಿಗೂ ಇದೇ ಉಪಾಯ. ಪಶ್ಚಿಮ ಜರ್ಮನಿ ಎಂಬ ಹೆಸರು 1949ರಿಂದ 1990ರವರೆಗಿನ ತಯಾರಿಕೆಯನ್ನು ಸೂಚಿಸುತ್ತದೆ. ‘ಆಕ್ರಮಿತ ಜಪಾನ್’ ಎಂಬರ್ಥದ ಇಂಗ್ಲಿಷ್ ಮುದ್ರೆ ಎರಡನೆಯ ಮಹಾಯುದ್ಧದ ನಂತರ, 1952ಕ್ಕೆ ಮುಂಚೆ ತಯಾರಾದ ಆಟಿಕೆ ಮತ್ತು ಪಿಂಗಾಣಿಗಳ ಮೇಲೆ ಇರುತ್ತದೆ. ಜೆಕೊಸ್ಲೊವಾಕಿಯಾ, ಸೋವಿಯತ್ ಒಕ್ಕೂಟ ಎಂಬ ಹೆಸರುಗಳೂ ಹೀಗೆಯೇ ಗಡಿ ಹಾಕಿಕೊಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಸ್ತುವಿನ ಮೇಲೆ ಅಚ್ಚಾದ ವರ್ಷವೆಲ್ಲ ತಯಾರಾದ ವರ್ಷವಲ್ಲ. ಬಾಸೆಲ್ ಮಿಶನ್ನಿನ ಹೆಂಚುಗಳ ಮೇಲೆ 1865 ಎಂದಿದ್ದರೆ ಅದು ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ. ಹೆಂಚು ದಶಕಗಳ ನಂತರದ್ದಾಗಿರಬಹುದು. ಸಾಬೂನಿನ ಡಬ್ಬಿ, ಗಡಿಯಾರ, ಬಿಸ್ಕತ್ತಿನ ತಗಡಿನ ಪೆಟ್ಟಿಗೆಗಳ ಮೇಲೂ ಕಂಪನಿ ಹುಟ್ಟಿದ ವರ್ಷ, ಪದಕ ಗೆದ್ದ ವರ್ಷಗಳಿರುತ್ತವೆ. ಗುರುತು ಸಾಮಾನ್ಯವಾಗಿ ‘ಇದಕ್ಕಿಂತ ಹಿಂದಿನದಲ್ಲ’ ಅಥವಾ ‘ಇದಕ್ಕಿಂತ ಈಚಿನದಲ್ಲ’ ಎಂಬ ಒಂದು ಗಡಿಯನ್ನಷ್ಟೇ ಕೊಡುತ್ತದೆ. ಅಂಥ ಎರಡು ಮೂರು ಗಡಿಗಳನ್ನು ಜೋಡಿಸಿ ತೀರ್ಮಾನಕ್ಕೆ ಬನ್ನಿ.

ಅಕ್ಷರವೇ ಇಲ್ಲದ ವಸ್ತುವಿನಲ್ಲಿ ಸವೆತವನ್ನು ಓದಬೇಕು. ಕೈ ಹಿಡಿಯುವ ಜಾಗ, ನೆಲಕ್ಕೆ ತಾಗುವ ತಳ, ಮುಚ್ಚಳ ಉಜ್ಜುವ ಅಂಚು ಇವು ಸವೆದಿರಬೇಕು. ಯಾರೂ ಮುಟ್ಟದ ಸಂದುಗಳಲ್ಲಿ ಕೊಳೆ ಗಟ್ಟಿಯಾಗಿ ಕೂತಿರಬೇಕು. ಎಲ್ಲ ಕಡೆ ಒಂದೇ ಸಮನಾಗಿ ಹಳೆಯದಾಗಿ ಕಾಣುವ ವಸ್ತುವನ್ನು ಯಾರೋ ಹಳೆಯದಾಗಿಸಿದ್ದಾರೆ ಎಂದು ತಿಳಿಯಿರಿ.

ಹಂತ 5: ವಸ್ತುವಿಗೆ ತಕ್ಕ ಪರೀಕ್ಷೆ

ಕೈಗಡಿಯಾರ. ಎಚ್‌ಎಂಟಿಯ ಕೀಲಿ ಕೊಡುವ ವಾಚುಗಳಿಗೆ, ಅದರಲ್ಲೂ ಜನತಾ ಮತ್ತು ಪೈಲಟ್ ಮಾದರಿಗಳಿಗೆ, ಬೇಡಿಕೆ ಬಹಳ. ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆದಮೇಲೆ ‘ರೀಡಯಲ್’ ವಾಚುಗಳು ಸಂತೆಯನ್ನು ತುಂಬಿವೆ. ರೀಡಯಲ್ ಎಂದರೆ ಹಳೆಯ ಮುಖಫಲಕವನ್ನು ಉಜ್ಜಿ ಹೊಸ ಬಣ್ಣ ಬಳಿದು ಅಕ್ಷರಗಳನ್ನು ಮತ್ತೆ ಅಚ್ಚು ಹಾಕುವುದು. ಭೂತಗನ್ನಡಿಯಲ್ಲಿ ನೋಡಿದರೆ ಅಂಥ ಅಕ್ಷರಗಳ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಎದುರಾಗುವುದಿಲ್ಲ, ಕೆಲವೊಮ್ಮೆ ಕಾಗುಣಿತವೇ ತಪ್ಪಿರುತ್ತದೆ. ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ ಬಣ್ಣದ ಹೊಳೆಯುವ ‘ಹಳೆಯ ಪೈಲಟ್’ ಕಂಡರೆ ಮುಂದೆ ನಡೆಯಿರಿ. ಹಿಂಬದಿಯ ಮುಚ್ಚಳ ತೆರೆಸಿ ನೋಡುವುದು ಸಂಕೋಚದ ವಿಷಯವಲ್ಲ. ಒಳಗಿನ ಯಂತ್ರದ ಮೇಲೂ ಎಚ್‌ಎಂಟಿ ಮುದ್ರೆ ಇರಬೇಕು. ಕೀಲಿ ಕೊಡುವಾಗ ಜಾರಬಾರದು, ಮುಳ್ಳುಗಳು ಸಲೀಸಾಗಿ ತಿರುಗಬೇಕು, ಕಿವಿಗೆ ಹಿಡಿದರೆ ಸದ್ದು ಒಂದೇ ಲಯದಲ್ಲಿ ಬರಬೇಕು. ಕೀಲಿ ಕೊಟ್ಟು ಅಲ್ಲೇ ಇಟ್ಟು ಪಕ್ಕದ ಅಂಗಡಿಗಳನ್ನು ನೋಡಿ ಬನ್ನಿ, ಅಷ್ಟರಲ್ಲಿ ನಿಂತಿದೆಯೋ ಓಡುತ್ತಿದೆಯೋ ತಿಳಿಯುತ್ತದೆ. ಗಾಜಿನ ಮೇಲಿನ ಗೀರುಗಳಿಗೆ ಹೆದರಬೇಡಿ. ಆ ಕಾಲದ ವಾಚುಗಳ ‘ಗಾಜು’ ಹೆಚ್ಚಾಗಿ ಅಕ್ರಿಲಿಕ್ ಆಗಿದ್ದು, ಪಾಲಿಶ್ ಮಾಡಿದರೆ ತಿಳಿಯಾಗುತ್ತದೆ. ‘17 ಜ್ಯುವೆಲ್, ಒಳಗೆ ರತ್ನಗಳಿವೆ’ ಎಂಬ ಮಾತಿಗೆ ಹೆಚ್ಚು ಹಣ ಕೊಡಬೇಡಿ. ಜ್ಯುವೆಲ್ ಎಂದರೆ ಚಕ್ರಗಳ ತುದಿ ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಚೂರು. ಅದು ಯಂತ್ರದ ಗುಣಮಟ್ಟವನ್ನು ಹೇಳುತ್ತದೆ. ಬಿಡಿಯಾಗಿ ಮಾರಿದರೆ ಅದಕ್ಕೆ ಬೆಲೆಯಿಲ್ಲ.

ಹಿತ್ತಾಳೆ, ತಾಮ್ರ, ಕಂಚು. ಮೊದಲು ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪವಿರುವ ಕಬ್ಬಿಣ. ಬೆರಳಿನಿಂದ ತಟ್ಟಿದಾಗ ಕಂಚಿನ ನಾದ ದೀರ್ಘವಾಗಿ ಉಳಿಯುತ್ತದೆ, ಹಿತ್ತಾಳೆಯದು ಬೇಗ ಆರುತ್ತದೆ. ಬಿರುಕಿದ್ದರೆ ಎರಡರಲ್ಲೂ ಸದ್ದು ಒಡಕಾಗಿರುತ್ತದೆ. ಬಡಿದು ಮಾಡಿದ ಪಾತ್ರೆಯ ಒಳಮೈಯಲ್ಲಿ ಸುತ್ತಿಗೆಯ ಏಟಿನ ಗುರುತುಗಳು ಏರುಪೇರಾಗಿರುತ್ತವೆ. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸುವ ವಾಡಿಕೆಯಿದೆ. ಅನೇಕರು ಹೆಸರಿರುವ ಪಾತ್ರೆಯನ್ನು ಬದಿಗಿಡುತ್ತಾರೆ. ನನ್ನ ಮಟ್ಟಿಗೆ ಹೆಸರೇ ಆ ಪಾತ್ರೆಯ ಅತ್ಯುತ್ತಮ ದಾಖಲೆ. ಕೆಲವೊಮ್ಮೆ ಊರು, ತಾರೀಕು ಕೂಡ ಇರುತ್ತವೆ, ಮತ್ತು ಚುಕ್ಕಿಗಳೊಳಗೆ ಕಪ್ಪುಗಟ್ಟಿದ ಕೊಳೆಯನ್ನು ನಕಲಿಸುವುದು ಕಷ್ಟ. ಆಮ್ಲ ಹಚ್ಚಿ ಹಸಿರುಗಟ್ಟಿಸಿದ ಹೊಸ ವಿಗ್ರಹ, ದೀಪಗಳು ಬಹಳ ಬರುತ್ತವೆ. ಆ ಹಸಿರು ಪುಡಿ ಒದ್ದೆ ಬೆರಳಿಗೆ ಸುಲಭವಾಗಿ ಅಂಟುತ್ತದೆ.

ಬಿದರಿ ಎಂದು ಮಾರುವ ಹೂದಾನಿ, ಡಬ್ಬಿಗಳಲ್ಲಿ ಬೆಳ್ಳಿಬಣ್ಣ ಬಳಿದ ಕಪ್ಪು ಲೋಹವೂ ಸೇರಿರುತ್ತದೆ. ನಿಜವಾದ ಬಿದರಿಯಲ್ಲಿ ಸತುವಿನೊಂದಿಗೆ ಸ್ವಲ್ಪ ತಾಮ್ರ ಬೆರೆತ ಲೋಹದಲ್ಲಿ ಗೆರೆ ಕೊರೆದು ಬೆಳ್ಳಿಯನ್ನು ಕೂರಿಸಿರುತ್ತಾರೆ, ಬಳಿಕ ಬೀದರ್ ಕೋಟೆಯ ಮಣ್ಣನ್ನು ಬಳಸಿ ಮೈಯನ್ನು ಕಪ್ಪಾಗಿಸಿರುತ್ತಾರೆ. ಆದ್ದರಿಂದ ಅದು ಗಾತ್ರಕ್ಕೆ ತಕ್ಕಂತೆ ಭಾರವಾಗಿರುತ್ತದೆ, ಆಯಸ್ಕಾಂತಕ್ಕೆ ಅಂಟುವುದಿಲ್ಲ, ಮತ್ತು ಬೆಳ್ಳಿಯ ಗೆರೆಯ ಅಂಚು ಭೂತಗನ್ನಡಿಯಲ್ಲಿ ಹರಿತವಾಗಿ ಕಾಣುತ್ತದೆ. ಬಣ್ಣವಾದರೆ ಉಗುರಿಗೆ ಕಿತ್ತು ಬರುತ್ತದೆ.

ಗ್ರಾಮೊಫೋನು ಮತ್ತು ಪ್ಲೇಟುಗಳು. ಥಳಥಳಿಸುವ ಹಿತ್ತಾಳೆಯ ಕಹಳೆ, ನಾಯಿ ಮಾರ್ಕಿನ ಹೊಸ ಸ್ಟಿಕ್ಕರು, ಹೊಳೆಯುವ ಮರದ ಪೆಟ್ಟಿಗೆ ಇರುವ ಗ್ರಾಮೊಫೋನುಗಳಲ್ಲಿ ಬಹುಪಾಲು ಅಲಂಕಾರಕ್ಕೆಂದು ಈಚೆಗೆ ಜೋಡಿಸಿದವು. ಹಳೆಯ ಯಂತ್ರದಲ್ಲಿ ಕಂಪನಿಯ ಗುರುತು ಲೋಹದ ತಗಡಿನಲ್ಲೋ ಮರದೊಳಗೆ ಇಳಿದ ಅಚ್ಚಿನಲ್ಲೋ ಇರುತ್ತದೆ, ಸ್ಕ್ರೂಗಳ ತಲೆಯಲ್ಲಿ ಒಂದೇ ಸೀಳು ಇರುತ್ತದೆ. ನಕ್ಷತ್ರದಂಥ ಅಡ್ಡಸೀಳಿನ ಸ್ಕ್ರೂ ಕಂಡರೆ ಆ ಭಾಗ ಹೊಸದು. ಪ್ಲೇಟುಗಳ ವಿಷಯ ಬೇರೆ: ಅವನ್ನು ನಕಲು ಮಾಡುವುದರಲ್ಲಿ ಯಾರಿಗೂ ಲಾಭವಿಲ್ಲದ್ದರಿಂದ ಅವು ಬಹುತೇಕ ಅಸಲಿಯೇ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಅರಗಿನಿಂದ ಮಾಡಿದವು, ಬಿದ್ದರೆ ಗಾಜಿನಂತೆ ಒಡೆಯುತ್ತವೆ. ನಂತರ ಬಂದ ಎಲ್‌ಪಿಗಳು ಬಾಗುವ ಪ್ಲಾಸ್ಟಿಕ್ಕಿನವು. ಅರಗಿನ ಪ್ಲೇಟನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಎಂದಿಗೂ ಒರೆಸಬೇಡಿ, ಮದ್ಯಸಾರದಲ್ಲಿ ಅರಗು ಕರಗಿ ಹಾಡೇ ಅಳಿಸಿಹೋಗುತ್ತದೆ. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ ಕೂದಲೆಳೆಯ ಬಿರುಕೂ ಕಾಣುತ್ತದೆ. ಕನ್ನಡ ನಾಟಕ ಕಂಪನಿಗಳ ಹಾಡು, ಹರಿಕಥೆ, ದೇವರನಾಮಗಳ ಪ್ಲೇಟು ಸಿಕ್ಕರೆ, ಸ್ವಲ್ಪ ಸವೆದಿದ್ದರೂ ಬಿಡಬೇಡಿ. ಅವುಗಳಲ್ಲಿ ಎಷ್ಟೋ ಧ್ವನಿಗಳು ಬೇರೆಲ್ಲೂ ಉಳಿದಿಲ್ಲದಿರಬಹುದು.

ನಾಣ್ಯ. ಇಲ್ಲಿ ಮೋಸ ಅತಿ ಹೆಚ್ಚು. 1862ರಿಂದ 1939ರವರೆಗಿನ ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ 91.7. ತಕ್ಕಡಿಯಲ್ಲಿ ಸವೆತಕ್ಕೆ ತಕ್ಕ ಅಲ್ಪ ಕೊರತೆಗಿಂತ ಹೆಚ್ಚಿನ ವ್ಯತ್ಯಾಸ ಬಂದರೆ ಅನುಮಾನಿಸಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು; 1947ರ ರೂಪಾಯಿ ನಿಕ್ಕಲ್ಲಿನದು, ಅದು ಆಯಸ್ಕಾಂತಕ್ಕೆ ಅಂಟಿದರೆ ನಕಲಿಯೆಂದು ಭಾವಿಸಬೇಡಿ. ಒಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818 ಎಂಬ ವರ್ಷ, ಇನ್ನೊಂದು ಬದಿಯಲ್ಲಿ ರಾಮ, ಸೀತೆ, ಹನುಮಂತ ಅಥವಾ ಗಣಪತಿಯ ಚಿತ್ರವಿರುವ ತಾಮ್ರದ ಬಿಲ್ಲೆಗಳು ಈಚಿನ ಕಾಲದಲ್ಲಿ ಅಚ್ಚಾದವು. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಪೂಜೆಗೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಹಳೆಯದೆಂದು ಹಣ ಕೊಡಬಾರದು. ಇನ್ನು ‘ಅಕ್ಕಿ ಎಳೆಯುವ’ ತಾಮ್ರದ ನಾಣ್ಯ, ಚೊಂಬು, ಕೋಟಿಗಟ್ಟಲೆ ಬೆಲೆ ಎಂದು ಯಾರಾದರೂ ಪಿಸುಗುಟ್ಟಿದರೆ ಅದು ಶುದ್ಧ ವಂಚನೆ. ಇದಕ್ಕೆ ಸಿಲುಕಿ ಮನೆಮಾರು ಕಳೆದುಕೊಂಡವರಿದ್ದಾರೆ. ಮಾತು ಮುಂದುವರಿಸದೆ ಅಲ್ಲಿಂದ ಹೊರಡಿ.

ಚಿತ್ರಪಟ ಮತ್ತು ಜಾಹೀರಾತು ಫಲಕ. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಬಳಿಕ ಲೋಣಾವಳ ಸಮೀಪದ ಮಳವಲಿಗೆ ಹೋಯಿತು. ಅಲ್ಲಿನ ದೇವರ ಪಟಗಳು ಕಲ್ಲಚ್ಚಿನವು, ಅಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಫಲಕ ಬಳಸಿ ಅಚ್ಚು ಹಾಕಿದವು. ಭೂತಗನ್ನಡಿಯಲ್ಲಿ ಅವುಗಳ ಚುಕ್ಕಿಗಳು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಇಂದಿನ ಮುದ್ರಣದಲ್ಲಿ ಚುಕ್ಕಿಗಳು ಸಾಲುಸಾಲಾಗಿ, ಒಂದೇ ಅಂತರದಲ್ಲಿ, ಪುಟ್ಟ ಹೂಗಳಂತೆ ಜೋಡಣೆಗೊಂಡಿರುತ್ತವೆ. ಈ ಒಂದು ಪರೀಕ್ಷೆ ಬಹುಪಾಲು ನಕಲಿಗಳನ್ನು ಬಯಲು ಮಾಡುತ್ತದೆ. ಎನಾಮೆಲ್ ಬೋರ್ಡುಗಳಲ್ಲಿ ಬಣ್ಣ ಕಿತ್ತ ಕಡೆ ಗಾಜಿನಂಥ ದಪ್ಪ ಪದರಗಳು ಒಂದರ ಮೇಲೊಂದು ಕಾಣಬೇಕು. ಬರೀ ತಗಡಿನ ಮೇಲೆ ತೆಳುವಾದ ಬಣ್ಣ, ಮೊಳೆಯ ತೂತಿನ ಸುತ್ತ ಮಾತ್ರ ಅಚ್ಚುಕಟ್ಟಾದ ತುಕ್ಕು ಇದ್ದರೆ ಅದು ಹೊಸದು.

ಕ್ಯಾಮೆರಾ, ರೇಡಿಯೊ, ಮರದ ಸಾಮಾನು. ಕ್ಯಾಮೆರಾ ಲೆನ್ಸಿನೊಳಗೆ ಟಾರ್ಚು ಬಿಟ್ಟು ನೋಡಿ, ಜೇಡರ ಬಲೆಯಂಥ ಬಿಳಿ ಎಳೆಗಳಿದ್ದರೆ ಬೂಷ್ಟು ಹಿಡಿದಿದೆ. ಭಾರತದಲ್ಲೇ ತಯಾರಾದ ಆಗ್ಫಾ ಕ್ಲಿಕ್ ಮೂರನೆಯ ಮಾದರಿ ಆರಂಭಿಸುವವರಿಗೆ ಒಳ್ಳೆಯ ಆಯ್ಕೆ, ಏಕೆಂದರೆ ಅದಕ್ಕೆ ಬೇಕಾದ 120 ಅಳತೆಯ ಫಿಲ್ಮು ಇಂದೂ ದೊರೆಯುತ್ತದೆ. ವಾಲ್ವ್ ರೇಡಿಯೊವನ್ನು, ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಬುರುಡೆಗಳ ರೇಡಿಯೊವನ್ನು, ನೇರವಾಗಿ ಕರೆಂಟಿಗೆ ಹಾಕಿ ನೋಡಬೇಡಿ. ಒಳಗಿನ ಹಳೆಯ ಕೆಪಾಸಿಟರುಗಳು ಸಿಡಿಯಬಹುದು, ಶಾಕ್ ಪ್ರಾಣಾಪಾಯವಾಗಬಹುದು. ತಿಳಿದ ಮೆಕ್ಯಾನಿಕ್ಕಿಗೆ ತೋರಿಸಿದ ಮೇಲೆಯೇ ಚಾಲೂ ಮಾಡಿ. ಮರದ ಪೆಟ್ಟಿಗೆ, ಮೇಜುಗಳ ಡ್ರಾಯರನ್ನು ಎಳೆದು ಹಿಂಬದಿ ನೋಡಿ, ಅಲ್ಲಿ ಪ್ಲೈವುಡ್ ಇದ್ದರೆ ‘ನೂರು ವರ್ಷದ ಬೀಟೆ’ಯ ಮಾತು ಮುಗಿಯಿತು. ಕೆಳಗೆ ನವಿರಾದ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿದೆ.

ಹಂತ 6: ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬಾರದವು

ಆನೆದಂತ, ಹುಲಿ ಉಗುರು, ಜಿಂಕೆ ಕೊಂಬು, ಚಿರತೆ ಚರ್ಮ. ಇವನ್ನು ಕೊಳ್ಳುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಸ್ತು ಹಳೆಯದು ಎಂಬ ಸಮಜಾಯಿಷಿ ನಡೆಯುವುದಿಲ್ಲ. 2023ರಲ್ಲಿ ಹುಲಿ ಉಗುರಿನ ಪದಕಗಳ ಪ್ರಕರಣ ಕರ್ನಾಟಕದ ತುಂಬ ಸುದ್ದಿಯಾದದ್ದು ನಿಮಗೆ ನೆನಪಿರಬಹುದು.

ದೇವಸ್ಥಾನದ ವಿಗ್ರಹ, ಕರಾವಳಿಯ ದೈವದ ಮೊಗ, ಪ್ರಭಾವಳಿ, ವೀರಗಲ್ಲಿನ ತುಂಡು. ಇವು ಯಾರದೋ ಊರಿನಿಂದ ಕಳುವಾಗಿ ಬಂದಿರುವ ಸಾಧ್ಯತೆ ದೊಡ್ಡದು. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ನೀವೂ ಹೊಣೆಗಾರರಾಗುತ್ತೀರಿ. ಕಾನೂನು ಹಾಗಿರಲಿ, ಒಂದು ಊರು ಪೂಜಿಸುತ್ತಿದ್ದ ಮೂರ್ತಿಯನ್ನು ನಡುಮನೆಯ ಅಲಂಕಾರಕ್ಕೆ ತರುವುದು ತಪ್ಪು.

ಪುರಾವಸ್ತು ಮತ್ತು ಕಲಾ ನಿಧಿಗಳ ಕಾಯ್ದೆ, 1972, ನೂರು ವರ್ಷ ದಾಟಿದ ಕಲಾಕೃತಿ, ನಾಣ್ಯ ಮೊದಲಾದವನ್ನು ಪುರಾವಸ್ತು ಎನ್ನುತ್ತದೆ; ಮಹತ್ವವುಳ್ಳ ಹಸ್ತಪ್ರತಿ, ದಾಖಲೆಗಳಿಗೆ ಈ ಮಿತಿ 75 ವರ್ಷ. ಪುರಾವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು, ಮತ್ತು ಶಿಲ್ಪ, ವರ್ಣಚಿತ್ರ, ಸಚಿತ್ರ ಹಸ್ತಪ್ರತಿಯಂಥ ಕೆಲವು ವರ್ಗಗಳನ್ನು ಒಡೆಯರು ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಬೀದಿಯಲ್ಲಿ ಕೂತವರ ಬಳಿ ಪರವಾನಗಿ ಇರುವುದಿಲ್ಲ. ‘ಹೊಲದಲ್ಲಿ ಅಗೆದಾಗ ಸಿಕ್ಕಿತು’ ಎಂಬ ನಾಣ್ಯವನ್ನಂತೂ ಮುಟ್ಟಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಓಲೆಗರಿಯ ಕಟ್ಟು ಕಣ್ಣಿಗೆ ಬಿದ್ದರೆ, ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗೆ ಸುದ್ದಿ ಮುಟ್ಟಿಸಿ. ಬಿಡಿ ಗರಿಗಳನ್ನು ಚೌಕಟ್ಟು ಹಾಕಿಸಲು ಕೊಳ್ಳುವವರಿಂದಾಗಿಯೇ ಕಟ್ಟುಗಳು ಚದುರಿಹೋಗುತ್ತಿವೆ.

ಹಂತ 7: ಚೌಕಾಸಿ

ಬೆಳಗಿನ ಮೊದಲ ವ್ಯಾಪಾರಕ್ಕೆ, ಅಂದರೆ ಬೋಣಿಗೆ, ವ್ಯಾಪಾರಿಗಳು ಬಹಳ ಮಹತ್ವ ಕೊಡುತ್ತಾರೆ. ಆ ಹೊತ್ತಿನಲ್ಲಿ ಉದ್ದಕ್ಕೆ ಜಗ್ಗಾಡಿ, ಅವರು ಒಪ್ಪಿದ ಮೇಲೆ ಬೇಡವೆಂದು ಎದ್ದುಹೋದರೆ ಮನಸ್ಸಿಗೆ ನೋವಾಗುತ್ತದೆ. ಕೊಳ್ಳುವ ಮನಸ್ಸಿದ್ದರೆ ಮಾತ್ರ ಬೆಲೆ ಮಾತಾಡಿ. ಅದೇ ಬೋಣಿಯ ಹೊತ್ತಿನಲ್ಲಿ ನ್ಯಾಯವಾದ ಬೆಲೆಗೆ ಬೇಗ ಒಪ್ಪುವವರೂ ಅವರೇ. ‘ಅಣ್ಣಾ, ಇದು ಓಡುತ್ತಾ? ಕೊನೆ ರೇಟು ಹೇಳಿ’ ಎಂದು ನೇರವಾಗಿ ಕೇಳಿ. ಚಿಕ್ಕಪೇಟೆಯಲ್ಲಿ ಕನ್ನಡ, ದಖನಿ, ತಮಿಳು ಮೂರೂ ನಡೆಯುತ್ತವೆ, ‘ಭಾಯ್’ ಎಂದರೂ ಸರಿಯೇ.

ವಸ್ತುವಿನ ದೋಷಗಳನ್ನು ಜರಿದು ಬೆಲೆ ಇಳಿಸುವುದಕ್ಕಿಂತ, ದುರಸ್ತಿಗೆ ಎಷ್ಟು ಬೀಳಬಹುದೆಂದು ಹೇಳಿ ಅಷ್ಟನ್ನು ಕಳೆಯಲು ಕೇಳುವುದು ಒಳ್ಳೆಯ ದಾರಿ. ಹಿತ್ತಾಳೆಗೆ ಆ ವಾರದ ಗುಜರಿ ದರವನ್ನು ಪಾತ್ರೆ ಅಂಗಡಿಯಲ್ಲಿ ಮೊದಲೇ ಕೇಳಿಕೊಂಡಿರಿ. ಅದಕ್ಕಿಂತ ಕೆಳಗೆ ಯಾರೂ ಕೊಡುವುದಿಲ್ಲ. ಅಂತರ್ಜಾಲದಲ್ಲಿ ಕಾಣುವ ಬೆಲೆಗಳು ಮಾರುವವರ ಆಸೆಯನ್ನಷ್ಟೇ ಹೇಳುತ್ತವೆ, ಆ ಬೆಲೆಗೆ ಮಾರಾಟವಾಗಿದೆ ಎಂದಲ್ಲ. ಮನೆಯ ಸಾಮಾನನ್ನು ಕಷ್ಟಕ್ಕೆ ಮಾರಲು ಬಂದ ವೃದ್ಧರು ಕಂಡರೆ ದಯವಿಟ್ಟು ಚೌಕಾಸಿ ಮಾಡಬೇಡಿ, ವಸ್ತುವಿನ ನಿಜವಾದ ಬೆಲೆ ನಿಮಗೆ ಗೊತ್ತಿದ್ದರೆ ಅದನ್ನು ಅವರಿಗೂ ತಿಳಿಸಿ. ಕೊಳ್ಳದೆ ಫೋಟೊ ಮಾತ್ರ ತೆಗೆಯುವುದಾದರೆ ಮೊದಲು ಅನುಮತಿ ಕೇಳಬೇಕು.

ಹಂತ 8: ಮನೆಗೆ ತಂದ ಮೇಲೆ

ಪುಸ್ತಕ ಮತ್ತು ಮರದ ಸಾಮಾನನ್ನು ಕೂಡಲೇ ಉಳಿದವುಗಳ ಜೊತೆ ಇಡಬೇಡಿ. ಕೆಲವು ವಾರ ಬೇರೆಯಾಗಿಟ್ಟು ಬೆಳ್ಳಿಹುಳು, ಗೆದ್ದಲು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನಾಣ್ಯವನ್ನು ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಯಾವುದರಿಂದಲೂ ಉಜ್ಜಬೇಡಿ, ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆಯಿಲ್ಲ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ತೊಳೆಯಬಹುದು, ಆದರೆ ಅಲಂಕಾರಕ್ಕಿಡುವ ಹಳೆಯ ದೀಪದ ಕಂದುಬಣ್ಣವನ್ನು ಉಳಿಸಿಕೊಳ್ಳುವುದೇ ಚೆಂದ. ಅಡುಗೆಗೆ ಬಳಸುವುದಾದರೆ ಒಳಭಾಗಕ್ಕೆ ಕಲಾಯಿ, ಅಂದರೆ ತವರದ ಲೇಪ, ಮಾಡಿಸಲೇಬೇಕು. ಹಳೆಯ ಬೆಸುಗೆಯಲ್ಲಿ ಸೀಸವಿರುವುದುಂಟು, ಬೆಸುಗೆ ಹಾಕಿ ತೂತು ಮುಚ್ಚಿದ ಪಾತ್ರೆಯಲ್ಲಿ ಅಡುಗೆ ಬೇಡ. ಹಳೆಯ ಬಣ್ಣದ ಆಟಿಕೆಗಳಲ್ಲೂ ಸೀಸದ ಅಪಾಯವಿದೆ, ಮಕ್ಕಳ ಬಾಯಿಗೆ ಸಿಗದಂತೆ ಇಡಿ. 1960ರ ದಶಕಕ್ಕೆ ಮುಂಚಿನ ವಿದೇಶಿ ಗಡಿಯಾರಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುವುದುಂಟು. ಅವನ್ನು ಮನೆಯಲ್ಲಿ ಬಿಚ್ಚಬಾರದು.

ಪ್ರತಿ ವಸ್ತುವಿಗೂ ಒಂದು ಚೀಟಿ ಮಾಡಿ. ಎಲ್ಲಿ, ಯಾವ ದಿನ, ಎಷ್ಟಕ್ಕೆ ಕೊಂಡದ್ದು, ಮಾರಿದವರು ಅದರ ಬಗ್ಗೆ ಏನು ಹೇಳಿದರು, ನಿಮಗೆ ಕಂಡ ಗುರುತುಗಳು ಯಾವುವು ಎಂದು ಬರೆದು, ತಳದ ಮುದ್ರೆಯ ಫೋಟೊ ಸಹಿತ ಇಟ್ಟುಕೊಳ್ಳಿ. ಯುಪಿಐ ಮೂಲಕ ಹಣ ಕೊಟ್ಟಿದ್ದರೆ ಆ ರಸೀದಿಯನ್ನೂ ಸೇರಿಸಿ. ಮುಂದೆ ಯಾವುದೇ ಪ್ರಶ್ನೆ ಬಂದರೆ ನೀವು ಪ್ರಾಮಾಣಿಕವಾಗಿ ಕೊಂಡಿರಿ ಎನ್ನಲು ಬೀದಿ ಸಂತೆಯಲ್ಲಿ ಸಿಗುವ ದಾಖಲೆ ಇಷ್ಟೇ.

ವಿದೇಶದಲ್ಲಿರುವ ಕನ್ನಡಿಗರು ರಜೆಗೆ ಬಂದಾಗ ಹಳೆಯ ಪಾತ್ರೆ, ದೀಪಗಳನ್ನು ಕೊಂಡು ಒಯ್ಯುವುದುಂಟು. ಪುರಾವಸ್ತುವನ್ನು ಖಾಸಗಿಯಾಗಿ ದೇಶದಾಚೆ ಒಯ್ಯುವಂತಿಲ್ಲ. ನೂರು ವರ್ಷವಾಗದಿದ್ದರೂ ಹಳೆಯದಾಗಿ ಕಾಣುವ ವಸ್ತುವನ್ನು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆಯಬಹುದು. ಅಂಥ ವಸ್ತು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಪರಿಶೀಲಿಸಿ ಕೊಡುತ್ತದೆ. ಪರಿಶೀಲನೆಗೆ ಸಮಯ ಹಿಡಿಯುವುದರಿಂದ, ಕೊಂಡ ಕೂಡಲೇ ಫೋಟೊ ಸಹಿತ ಅರ್ಜಿ ಹಾಕಿ. ಹೊರಡುವ ದಿನದವರೆಗೆ ಪತ್ರ ಕೈಸೇರದಿದ್ದರೆ ವಸ್ತುವನ್ನು ಊರಿನಲ್ಲೇ ಬಂಧುಗಳ ಬಳಿ ಬಿಟ್ಟು ಹೋಗಿ.